ಬೂಟು ಮೊದಲು, ಬೋರ್ಡು ಆಮೇಲೆ: ಟಾಹೋಗೆ ಹೊರಟವರಿಗೆ ಸ್ನೋಬೋರ್ಡ್ ಸಾಮಾನು ಮತ್ತು ರೆಸಾರ್ಟ್ ಆಯ್ಕೆ

ದೀಪಾವಳಿ ಮುಗಿದು, ಟಾಹೋ ಸರೋವರದ ಸುತ್ತಲಿನ ಸಿಯೆರಾ ನೆವಾಡಾ ಪರ್ವತಗಳಲ್ಲಿ ಮೊದಲ ಹಿಮ ಬಿದ್ದ ಸುದ್ದಿ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಎರಡೂ ಕಾಲು ಬಿಗಿದು ಹಿಮದ ಮೇಲೆ ಜಾರುವ ಹಲಗೆಯನ್ನು, ಅಂದರೆ ಸ್ನೋಬೋರ್ಡನ್ನು, ಕೊಳ್ಳುವುದೋ, ಬಾಡಿಗೆಗೆ ತರುವುದೋ? ಹಲವು ರೆಸಾರ್ಟುಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳನ್ನು ಏರಲು ಎಪಿಕ್ ಪಾಸೋ, ಐಕಾನ್ ಪಾಸೋ? ಮಕ್ಕಳನ್ನು ಯಾವ ರೆಸಾರ್ಟಿನ ತರಗತಿಗೆ ಸೇರಿಸುವುದು? ಕೇಳುವವರ ದನಿಯಲ್ಲಿ ಉತ್ಸಾಹದ ಜೊತೆಗೆ ಆತಂಕವೂ ಇರುತ್ತದೆ. ಅದು ಸಹಜ; ನಾಲ್ವರ ಕುಟುಂಬ ಒಂದು ವಾರಾಂತ್ಯ ಟಾಹೋಗೆ ಹೋಗಿ ಬರುವ ಖರ್ಚು ಸಣ್ಣದಲ್ಲ. ಅಷ್ಟು ಹಣ ಸುರಿದ ಮೇಲೂ ಕಾಲು ನೋವು, ಉದ್ದದ ಸಾಲು, ತಪ್ಪು ಅಳತೆಯ ಬೂಟುಗಳೇ ನೆನಪಿನಲ್ಲಿ ಉಳಿದರೆ ಆ ಕುಟುಂಬ ಮತ್ತೆ ಹಿಮದ ಕಡೆ ತಲೆ ಹಾಕುವುದಿಲ್ಲ. ಹಾಗಾಗಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯವರು ಬೋರ್ಡಿನಿಂದ ಮಾತು ಆರಂಭಿಸುತ್ತಾರೆ, ರೆಸಾರ್ಟಿನವರು ಪಾಸಿನಿಂದ. ನೀವು ನಿಮ್ಮಿಂದ ಆರಂಭಿಸಿ. ಏನನ್ನೂ ಕೊಳ್ಳುವ ಮೊದಲು ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಳ್ಳಿ. ಈ ಚಳಿಗಾಲದಲ್ಲಿ ನಿಜಕ್ಕೂ ಎಷ್ಟು ದಿನ ಹಿಮದ ಮೇಲೆ ಇರುತ್ತೀರಿ? ವಾರದ ನಡುವೆ ಒಂದು ದಿನ ರಜೆ ಹಾಕಬಲ್ಲಿರಾ, ಅಥವಾ ಶನಿವಾರ ಭಾನುವಾರವೇ ಗತಿಯೇ? ಜೊತೆಯಲ್ಲಿ ಯಾರಿದ್ದಾರೆ: ಪುಟ್ಟ ಮಕ್ಕಳೇ, ಊರಿನಿಂದ ಬಂದ ಅಪ್ಪ ಅಮ್ಮನೇ, ಸ್ನೇಹಿತರ ಗುಂಪೇ? ಬೋರ್ಡನ್ನು ಹಿಮ್ಮಡಿ ಕಡೆಯ ಅಂಚಿನಿಂದ ಮುಂಗಾಲು ಕಡೆಯ ಅಂಚಿಗೆ ನಿಲ್ಲದೆ ತಿರುಗಿಸಬಲ್ಲಿರಾ, ಇನ್ನೂ ಇಲ್ಲವೇ? ಕೊನೆಯದಾಗಿ, ನಿಮ್ಮ ಪಾದ ಎಂಥದ್ದು? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿಲ್ಲ.

ಬೂಟು

ಸ್ನೋಬೋರ್ಡನ್ನು ನಡೆಸುವುದು ಪಾದ. ಮುಂಗಾಲನ್ನು ಒತ್ತಿದಾಗ ಬೂಟಿನೊಳಗೆ ಹಿಮ್ಮಡಿ ಮೇಲೆದ್ದರೆ ಆ ಒತ್ತಡ ಬೋರ್ಡಿನ ಅಂಚಿಗೆ ತಲುಪುವುದೇ ಇಲ್ಲ. ಕಲಿಯುವವರು ತಮಗೆ ಧೈರ್ಯ ಸಾಲದು, ಸಮತೋಲನ ಬರುತ್ತಿಲ್ಲ ಎಂದುಕೊಳ್ಳುತ್ತಾರೆ; ಎಷ್ಟೋ ಬಾರಿ ತಪ್ಪು ಬಾಡಿಗೆ ಬೂಟಿನದು. ನೂರಾರು ಕಾಲುಗಳು ತೂರಿ ಹೋದ ಬೂಟಿನ ಒಳಪದರ ಜಗ್ಗಿ ಸಡಿಲವಾಗಿರುತ್ತದೆ. ಆದ್ದರಿಂದ ಒಂದೇ ಒಂದು ವಸ್ತುವನ್ನು ಸ್ವಂತಕ್ಕೆ ಕೊಳ್ಳಬಲ್ಲೆ ಎನ್ನುವವರಿಗೆ ನನ್ನ ಉತ್ತರ ಯಾವಾಗಲೂ ಬೂಟು. ಬೋರ್ಡನ್ನು ಬಾಡಿಗೆಗೆ ತಂದರೂ ಸ್ವಂತ ಬೂಟು ಹಾಕಿಕೊಂಡು ಹೋಗಬಹುದು.

ಅಂಗಡಿಗೆ ಸಂಜೆ ಹೊತ್ತು ಹೋಗಿ. ದಿನವಿಡೀ ನಡೆದಾಡಿದ ಪಾದ ಸ್ವಲ್ಪ ಊದಿರುತ್ತದೆ. ಹಿಮದಲ್ಲಿ ಹಾಕುವ ಕಾಲುಚೀಲವನ್ನೇ ಒಯ್ಯಿರಿ, ಅದೂ ಒಂದೇ ಜೊತೆ. ಎರಡು ಜೊತೆ ಹಾಕಿದರೆ ಬೆಚ್ಚಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಮಡಿಕೆ ಬಿದ್ದ ಬಟ್ಟೆ ರಕ್ತ ಸಂಚಾರವನ್ನು ತಡೆದು ಪಾದವನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಮೆರಿನೊ ಉಣ್ಣೆಯದು ಒಳ್ಳೆಯದು. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗವನ್ನು ಮುಟ್ಟಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಕದಲಬಾರದು. ಹೊಸ ಬೂಟು ಬಿಗಿ ಅನ್ನಿಸುವುದು ಸರಿಯೇ, ಕೆಲವು ದಿನ ಬಳಸಿದ ಮೇಲೆ ಒಳಪದರ ಅರ್ಧ ಸೈಜಿನಷ್ಟು ಜಾಗ ಕೊಡುತ್ತದೆ. ಆದರೆ ಅಂಗಡಿಯಲ್ಲೇ ಬೆರಳು ಮರಗಟ್ಟಿದರೆ ಅಥವಾ ಒಂದು ಜಾಗದಲ್ಲಿ ಚುಚ್ಚಿದಂತಾದರೆ ಆ ಬೂಟನ್ನು ಬಿಟ್ಟುಬಿಡಿ, ಎಷ್ಟೇ ರಿಯಾಯಿತಿ ಇದ್ದರೂ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮಲ್ಲಿ ಹಲವರ ಪಾದ ಮುಂಭಾಗದಲ್ಲಿ ಅಗಲವಾಗಿರುತ್ತದೆ. ಅಂಥವರು ಉದ್ದದ ಸೈಜು ಹೆಚ್ಚಿಸದೆ, ಅಗಲ ಪಾದಕ್ಕೆಂದೇ ಮಾಡಿದ ಮಾದರಿಗಳನ್ನು ಕೇಳಬೇಕು. ಬರ್ಟನ್ ಕಂಪನಿಯ ಕೆಲವು ಬೂಟುಗಳು ಹಾಗೆ ಬರುತ್ತವೆ.

ಬಿಗಿಯುವ ವಿಧಾನದಲ್ಲಿ ಮೂರು ಬಗೆ. ಸಾಮಾನ್ಯ ಲೇಸು ಅಗ್ಗ, ಎಲ್ಲಿ ಕಿತ್ತುಹೋದರೂ ಬದಲಿಸಬಹುದು, ಆದರೆ ಚಳಿಯಲ್ಲಿ ಗಂಟು ಹಾಕುವುದು ಕಷ್ಟ. ಎಳೆದು ಸಿಕ್ಕಿಸುವ ದಾರ ಬೇಗ ಬಿಗಿಯುತ್ತದೆ. ಬೋವಾ ಎಂಬ ತಿರುಗಿಸುವ ಗುಂಡಿ ಎಲ್ಲಕ್ಕಿಂತ ಸುಲಭ. ಒಂದೇ ಗುಂಡಿಯ ಬೂಟಿನಲ್ಲಿ ಪಾದವೂ ಕಣಕಾಲೂ ಒಟ್ಟಿಗೆ ಬಿಗಿಯಾಗುತ್ತವೆ, ಎರಡು ಗುಂಡಿಯದರಲ್ಲಿ ಬೇರೆ ಬೇರೆಯಾಗಿ. ಅಗಲ ಪಾದದವರಿಗೆ ಎರಡು ಗುಂಡಿಯದು ವರದಾನ, ಹಣ ಹೆಚ್ಚು ಕೊಟ್ಟರೂ ಸರಿ.

ಬೈಂಡಿಂಗು

ಬೂಟನ್ನು ಬೋರ್ಡಿಗೆ ಬಿಗಿಯುವ ಕೊಂಡಿಯೇ ಬೈಂಡಿಂಗು. ಪಟ್ಟಿ ಕಟ್ಟುವ ಮಾಮೂಲಿ ಬೈಂಡಿಂಗು ಯಾವ ಬೂಟಿಗೂ ಹೊಂದುತ್ತದೆ, ರಿಪೇರಿ ಸುಲಭ, ಬೆಲೆಯೂ ಹಿಡಿತದಲ್ಲಿದೆ. ತೊಂದರೆ ಏನೆಂದರೆ ಪ್ರತಿ ಬಾರಿ ಲಿಫ್ಟಿನಿಂದ ಇಳಿದಾಗಲೂ ಬಗ್ಗಿ ಅಥವಾ ಕುಳಿತು ಕಟ್ಟಬೇಕು. ಸೊಂಟ ಅಥವಾ ಮಂಡಿ ನೋವಿರುವವರಿಗೆ ಇದು ಸಣ್ಣ ವಿಷಯವಲ್ಲ. 2017ರಲ್ಲಿ ಬರ್ಟನ್ ಮಾರುಕಟ್ಟೆಗೆ ತಂದ ಸ್ಟೆಪ್ ಆನ್ ಬೈಂಡಿಂಗಿಗೆ ಕಾಲಿಟ್ಟು ಒತ್ತಿದರೆ ಸಾಕು, ಕಚ್ಚಿಕೊಳ್ಳುತ್ತದೆ. ಆದರೆ ಅದಕ್ಕೆಂದೇ ಮಾಡಿದ ಬೂಟು ಬೇಕು. ಆ ಬೂಟು ನಿಮ್ಮ ಪಾದಕ್ಕೆ ಹೊಂದದಿದ್ದರೆ ಬೈಂಡಿಂಗಿನ ಅನುಕೂಲವೆಲ್ಲ ವ್ಯರ್ಥ. ಇವೆರಡರ ನಡುವಿನ ದಾರಿ, ಹಿಂಬದಿ ತೆರೆದುಕೊಳ್ಳುವ ಬೈಂಡಿಂಗು. ಫ್ಲೋ, ನಿಡೆಕರ್ ಸೂಪರ್‌ಮ್ಯಾಟಿಕ್ ಈ ಜಾತಿಯವು. ಯಾವ ಬೂಟಾದರೂ ನಡೆಯುತ್ತದೆ, ಕಾಲು ಹಿಂದಿನಿಂದ ಒಳಹೋಗುತ್ತದೆ, ತೂಕ ಮಾತ್ರ ಸ್ವಲ್ಪ ಹೆಚ್ಚು. ನಲವತ್ತು ದಾಟಿ ಕಲಿಯಲು ಹೊರಟವರಿಗೆ ನಾನು ಸೂಚಿಸುವುದು ಇದನ್ನೇ.

ಬೋರ್ಡು

ಗಲ್ಲದವರೆಗೆ ಬರಬೇಕು, ಮೂಗಿನವರೆಗೆ ಬರಬೇಕು ಎಂಬ ಹಳೆಯ ಅಳತೆಗಳನ್ನು ಮರೆತುಬಿಡಿ. ಉದ್ದ ನಿರ್ಧಾರವಾಗುವುದು ತೂಕದಿಂದ. ಪ್ರತಿ ಕಂಪನಿಯೂ ತನ್ನ ಪಟ್ಟಿ ಕೊಟ್ಟಿರುತ್ತದೆ. ಆಮೇಲೆ ನೋಡಬೇಕಾದ್ದು ನಡುವಿನ ಅಗಲ. ಬೂಟಿನ ತುದಿ ಬೋರ್ಡಿನಿಂದ ತುಂಬ ಹೊರಚಾಚಿದರೆ ತಿರುವಿನಲ್ಲಿ ಹಿಮಕ್ಕೆ ತಾಗಿ ಬೀಳಿಸುತ್ತದೆ. ಅಮೆರಿಕದ ಅಳತೆಯಲ್ಲಿ ಹತ್ತೂವರೆ, ಹನ್ನೊಂದು ಸೈಜಿನ ಗಂಡಸರು ಅಗಲದ ಬೋರ್ಡನ್ನು ಪರಿಶೀಲಿಸಲೇಬೇಕು.

ಬೋರ್ಡು ಬಾಗಿರುವ ರೀತಿಗೆ ಬಂದರೆ, ಕ್ಯಾಂಬರ್ ಬೋರ್ಡು ನಡುವೆ ಕಮಾನಿನಂತೆ ಎದ್ದಿರುತ್ತದೆ, ಗಟ್ಟಿ ಹಿಮದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಹೊಸಬರ ಅಂಚು ಥಟ್ಟನೆ ಸಿಕ್ಕಿಕೊಳ್ಳುತ್ತದೆ. ರಾಕರ್ ತುದಿಗಳಲ್ಲಿ ಮೇಲೆದ್ದಿರುತ್ತದೆ, ತಪ್ಪುಗಳನ್ನು ಕ್ಷಮಿಸುತ್ತದೆ, ವೇಗ ಹೆಚ್ಚಿದಾಗ ಅಲುಗಾಡುತ್ತದೆ. ಟಾಹೋದ ಹಿಮಕ್ಕೆ ಒಂದು ಅಡ್ಡಹೆಸರಿದೆ: ಸಿಯೆರಾ ಸಿಮೆಂಟ್. ಪೆಸಿಫಿಕ್ ಸಾಗರದ ತೇವವನ್ನು ಹೊತ್ತು ಬರುವ ಮೋಡಗಳು ಸುರಿಸುವ ಈ ಹಿಮ ಯೂಟಾದ ಒಣ ಪುಡಿಯಂತಲ್ಲ, ಭಾರ, ಒದ್ದೆ. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಮರುದಿನ ಬೆಳಿಗ್ಗೆ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಹೀಗಾಗಿ ಕಾಲ ಕೆಳಗೆ ಕ್ಯಾಂಬರ್, ಮೂತಿಯಲ್ಲಿ ರಾಕರ್ ಇರುವ ಮಿಶ್ರ ಬಾಗುವಿಕೆಯ, ಮಧ್ಯಮ ಮೃದುತ್ವದ ಬೋರ್ಡು ಇಲ್ಲಿ ಹೆಚ್ಚು ದಿನಗಳಿಗೆ ಒದಗುತ್ತದೆ. ಕಂಪನಿಗಳು ಬೋರ್ಡಿಗೆ ಕೊಡುವ ಮೃದುತ್ವದ ಅಂಕಿಗೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ ಐದು ಇನ್ನೊಂದು ಕಂಪನಿಯ ಐದಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೋಗುವವರು ಬೆಚ್ಚಗಿನ ಹಿಮಕ್ಕೆ ಹೊಂದುವ ಮೇಣ ಹಚ್ಚಿಸಲಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೋರ್ಡು ನೆಲಕ್ಕೆ ಅಂಟಿಕೊಂಡಂತಾಗುತ್ತದೆ.

ಉಳಿದ ಸಾಮಾನು

ಹೆಲ್ಮೆಟನ್ನು ಹೊಸದಾಗಿಯೇ ಕೊಳ್ಳಿ. ಎಎಸ್‌ಟಿಎಂ ಎಫ್2040 ಅಥವಾ ಇಎನ್ 1077 ಎಂಬ ಸುರಕ್ಷತಾ ಮಾನದಂಡದ ಗುರುತು ಒಳಗಿರಬೇಕು. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಕೆಲಸಕ್ಕೆ ಬಾರದು, ಹಾಗಾಗಿ ಹಳೆಯದನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಮಣಿಕಟ್ಟಿನ ಕಾಪು ಬಹಳ ಜನ ಮರೆಯುವ ವಸ್ತು. ಸ್ನೋಬೋರ್ಡ್ ಕಲಿಯುವವರು ಬೀಳುವಾಗ ಕೈಯೂರುತ್ತಾರೆ, ಮಣಿಕಟ್ಟು ಮುರಿಯುವುದು ಹೊಸಬರಲ್ಲಿ ತೀರ ಸಾಮಾನ್ಯ. ದಿನವಿಡೀ ಕೀಲಿಮಣೆ ನಂಬಿ ಬದುಕುವವರಿಗೆ ಆ ಗಾಯ ಏನು ತಂದೊಡ್ಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಟ್ಟೆಗೆಂದು ಇಟ್ಟ ಹಣವನ್ನು ಮೊದಲು ಪ್ಯಾಂಟಿಗೆ ಹಾಕಿ, ಜಾಕೆಟ್ ಹೇಗೋ ಆಗುತ್ತದೆ. ಹೊಸಬರು ಅರ್ಧ ದಿನ ಹಿಮದ ಮೇಲೆ ಕುಳಿತೇ ಇರುತ್ತಾರೆ. ಚೀಟಿಯಲ್ಲಿ 10,000 ಮಿಲಿಮೀಟರ್ ಎಂದಿರುವ, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡ ತಡೆಯುವ ಬಟ್ಟೆ ಒಣ ದಿನಗಳಿಗೆ ಸಾಕು. ಟಾಹೋದ ಒದ್ದೆ ಹಿಮಕ್ಕೆ 15,000 ಅಥವಾ 20,000 ಆದರೆ ನೆಮ್ಮದಿ. ಗಾಗಲ್ಸ್ ಒಂದೇ ಕೊಳ್ಳುವುದಾದರೆ ತೀರ ಕಪ್ಪು ಗಾಜು ಬೇಡ, ಬಿರುಗಾಳಿಯ ದಿನ ನೆಲದ ಉಬ್ಬುತಗ್ಗು ಕಾಣಿಸುವುದೇ ಇಲ್ಲ.

ಕೊಳ್ಳುವುದೋ, ಬಾಡಿಗೆಯೋ

ವರ್ಷಕ್ಕೆ ಎರಡು ಮೂರು ದಿನವಷ್ಟೇ ಹೋಗುವವರು ಬೋರ್ಡು ಕೊಳ್ಳಬೇಕಿಲ್ಲ. ಬೂಟು, ಹೆಲ್ಮೆಟ್ ಸ್ವಂತದ್ದಿರಲಿ, ಬೋರ್ಡನ್ನು ಬಾಡಿಗೆಗೆ ತನ್ನಿ. ರೆಸಾರ್ಟಿನ ಬಾಡಿಗೆ ದುಬಾರಿ, ಆದರೆ ಸರಿಹೊಂದದಿದ್ದರೆ ಮಧ್ಯದಲ್ಲೇ ಬದಲಿಸಿಕೊಳ್ಳಬಹುದು. ಮೊದಲ ಸಲ ಹೋಗುವವರಿಗೆ ಆ ಅನುಕೂಲಕ್ಕೆ ಬೆಲೆಯಿದೆ. ಎರಡನೆಯ ಸಲದಿಂದ ನಿಮ್ಮ ಮನೆ ಹತ್ತಿರದ ಅಂಗಡಿಯ ಬಾಡಿಗೆಯೇ ಲೇಸು: ದರ ಕಡಿಮೆ, ಹಿಂದಿನ ದಿನವೇ ಮನೆಗೆ ತಂದು ಹಾಕಿ ನೋಡಬಹುದು. ಮಕ್ಕಳಿಗೆ ಇಡೀ ಋತುವಿನ ಬಾಡಿಗೆಗಿಂತ ಒಳ್ಳೆಯ ದಾರಿ ಇಲ್ಲ, ಮುಂದಿನ ವರ್ಷಕ್ಕೆ ಅವರ ಕಾಲು ಬೆಳೆದಿರುತ್ತದೆ.

ಹತ್ತು ದಿನ ದಾಟುವವರು, ತಿರುವುಗಳನ್ನು ಜೋಡಿಸಲು ಕಲಿತವರು ಕೊಳ್ಳಬಹುದು. ಬೋರ್ಡು, ಬೈಂಡಿಂಗು, ಬೂಟು ಮೂರೂ ಸೇರಿ ಸಾಧಾರಣ ಮಟ್ಟದ ಹೊಸ ಸೆಟ್ಟಿಗೆ ಸುಮಾರು 700ರಿಂದ 900 ಡಾಲರ್ ಆಗುತ್ತದೆ. ಮಾರ್ಚ್ ನಂತರ ಅದೇ ಸಾಮಾನು ಗಣನೀಯವಾಗಿ ಇಳಿಯುತ್ತದೆ. ಬೂಟನ್ನು ಋತುವಿನ ಮೊದಲು ಎಲ್ಲ ಸೈಜು ಇರುವಾಗ ಕೊಂಡು, ಬೋರ್ಡನ್ನು ಋತು ಮುಗಿಯುವಾಗ ಕೊಳ್ಳುವವರು ಜಾಣರು. ಬಳಸಿದ ಬೋರ್ಡು ಕೊಳ್ಳುವುದರಲ್ಲಿ ತಪ್ಪಿಲ್ಲ. ಉಕ್ಕಿನ ಅಂಚು ಸೀಳಿದೆಯೇ, ತಳದಲ್ಲಿ ಆಳವಾದ ಗಾಯವಿದೆಯೇ ಎಂದು ಬೆರಳಾಡಿಸಿ ನೋಡಿ.

ಯಾವ ಪರ್ವತ, ಯಾವ ಪಾಸು

ಟಾಹೋದ ದೊಡ್ಡ ರೆಸಾರ್ಟುಗಳು ಎರಡು ಪಾಳೆಯಗಳಲ್ಲಿವೆ. ಹೆವೆನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಮೂರೂ ವೇಲ್ ರೆಸಾರ್ಟ್ಸ್ ಕಂಪನಿಯ ಒಡೆತನದವು, ಎಪಿಕ್ ಪಾಸಿನಲ್ಲಿ ಸೇರುತ್ತವೆ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ, 2021ರಲ್ಲಿ ಹೆಸರು ಬದಲಿಸಿಕೊಂಡ ಪ್ಯಾಲಿಸೇಡ್ಸ್ ಟಾಹೋ ಐಕಾನ್ ಪಾಸಿನದು. ಎರಡೂ ಪಾಸುಗಳು ವಸಂತದಲ್ಲಿ ಅಗ್ಗ, ಹಂತಹಂತವಾಗಿ ಏರುತ್ತವೆ, ಡಿಸೆಂಬರ್ ಹೊತ್ತಿಗೆ ಮಾರಾಟ ಸಾಮಾನ್ಯವಾಗಿ ನಿಲ್ಲುತ್ತದೆ. ರಜಾ ದಿನಗಳಲ್ಲಿ ಕಿಟಕಿಯಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್ 200 ಡಾಲರ್ ದಾಟುವುದರಿಂದ, ಮೂರು ನಾಲ್ಕು ದಿನ ಖಚಿತವಿದ್ದವರು ಮುಂಚಿತವಾಗಿ ಕೆಲವೇ ದಿನಗಳ ಪಾಸು ಕೊಳ್ಳುವುದು ಒಳ್ಳೆಯದು. ಅಗ್ಗದ ಪಾಸುಗಳಲ್ಲಿ ಕ್ರಿಸ್ಮಸ್ ವಾರ, ಜನವರಿ ಮತ್ತು ಫೆಬ್ರವರಿಯ ದೀರ್ಘ ವಾರಾಂತ್ಯಗಳು ಸೇರದಿರಬಹುದು. ಮಕ್ಕಳ ಶಾಲೆಯ ರಜೆಗೇ ಹೋಗುವವರಿಗೆ ಆ ಉಳಿತಾಯ ಉಳಿತಾಯವೇ ಅಲ್ಲ.

ಹೆವೆನ್ಲಿಯ ನೋಟ ಅದ್ಭುತ, ಕೆಳಗಿನ ಪಟ್ಟಣದೊಳಗಿಂದಲೇ ಗೊಂಡೊಲಾ, ಅಂದರೆ ತಂತಿಯಲ್ಲಿ ತೂಗುವ ಪೆಟ್ಟಿಗೆಯ ಲಿಫ್ಟು, ಏರುತ್ತದೆ. ಊರಿನಿಂದ ಬಂದ ಹಿರಿಯರು ಬೋರ್ಡು ಮುಟ್ಟದೆ ಸರೋವರ ನೋಡಿ ಬರಬಹುದು. ಆದರೆ ಅಲ್ಲಿ ಉದ್ದುದ್ದದ ಸಪಾಟು ದಾರಿಗಳಿವೆ. ಸ್ಕೀ ಮಾಡುವವರು ಕೋಲು ಊರಿ ಸಾಗುತ್ತಾರೆ, ನಾವು ಒಂದು ಕಾಲು ಬಿಚ್ಚಿ ತಳ್ಳುತ್ತ ನಡೆಯಬೇಕು. ವೇಗ ಕಾಯ್ದುಕೊಳ್ಳಲು ಬಾರದ ಹೊಸಬರಿಗೆ ಇದು ನಿಜವಾದ ಕಷ್ಟ. ನಾರ್ತ್‌ಸ್ಟಾರ್ ಕುಟುಂಬಕ್ಕೆ ಹೇಳಿ ಮಾಡಿಸಿದಂಥದ್ದು. ಸಮ ಮಾಡಿದ ಇಳಿಜಾರುಗಳು, ಗಾಳಿಯನ್ನು ತಡೆಯುವ ಮರಗಳು. ಖರ್ಚು ಮಾತ್ರ ಹೆಚ್ಚು. ಪ್ಯಾಲಿಸೇಡ್ಸ್ ಮತ್ತು ಕರ್ಕ್‌ವುಡ್ ಕಡಿದಾದ ಇಳಿಜಾರಿನ ಪ್ರಿಯರಿಗೆ. ಪ್ಯಾಲಿಸೇಡ್ಸ್‌ನ ಮೇಲಿನ ಲಿಫ್ಟುಗಳು ಗಾಳಿಗೆ ಆಗಾಗ ನಿಲ್ಲುತ್ತವೆ.

ಮೊದಲ ಸಲ ಹೋಗುವವರಿಗೆ ಈ ದೊಡ್ಡವು ಯಾವುವೂ ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಲಿಯುವವರು ಬಳಸುವುದು ಒಂದೆರಡು ಪುಟ್ಟ ಲಿಫ್ಟುಗಳನ್ನು ಮಾತ್ರ. ಅಷ್ಟಕ್ಕೆ ಇಡೀ ಪರ್ವತದ ಬೆಲೆ ಏಕೆ ತೆರಬೇಕು? 80ನೇ ಹೆದ್ದಾರಿಯ ಪಕ್ಕದಲ್ಲೇ ಇರುವ ಬೋರಿಯಲ್, ಮಕ್ಕಳ ಕುಟುಂಬಗಳಿಗೆ ಒಗ್ಗುವ ಟಾಹೋ ಡಾನರ್, 50ನೇ ಹೆದ್ದಾರಿಯ ಸಿಯೆರಾ ಅಟ್ ಟಾಹೋ ಇವನ್ನು ಮೊದಲು ನೋಡಿ. ಪಾಠ, ಬಾಡಿಗೆ, ಹೊಸಬರ ಲಿಫ್ಟು ಮೂರೂ ಸೇರಿದ ಒಟ್ಟು ದರ ಇದೆಯೇ ಎಂದು ಕೇಳಿ.

ರೆಸಾರ್ಟಿನಿಂದ ಒಳ್ಳೆಯ ಸೇವೆ ಪಡೆಯುವ ಬಗೆ

ಸೇವೆಯ ಗುಣಮಟ್ಟ ರೆಸಾರ್ಟಿನ ಹೆಸರಿಗಿಂತ ನೀವು ಹೋಗುವ ದಿನವನ್ನು ಅವಲಂಬಿಸಿದೆ. ಅದೇ ಸಿಬ್ಬಂದಿ ಮಂಗಳವಾರ ಬೂಟು ಹಾಕಿಸಿ, ನಿಲ್ಲಿಸಿ, ಬದಲಿಸಿ ಕೊಡುತ್ತಾರೆ. ಫೆಬ್ರವರಿಯ ದೀರ್ಘ ವಾರಾಂತ್ಯದ ಶನಿವಾರ ಅವರಿಗೆ ತಲೆಯೆತ್ತಲು ಪುರುಸೊತ್ತಿರುವುದಿಲ್ಲ. ವಾರದ ನಡುವೆ ಹೋಗಬಲ್ಲವರು ಪಾಸು, ಕೊಠಡಿ, ಪಾಠ ಎಲ್ಲದರಲ್ಲೂ ಗೆಲ್ಲುತ್ತಾರೆ. ಶನಿವಾರವೇ ಗತಿ ಎನ್ನುವವರು ಬಾಡಿಗೆಯ ಅರ್ಜಿಯನ್ನು ಎತ್ತರ, ತೂಕ, ಪಾದದ ಅಳತೆ ಸಮೇತ ಮೊದಲೇ ತುಂಬಿ, ಸಾಧ್ಯವಿದ್ದಲ್ಲಿ ಹಿಂದಿನ ಸಂಜೆಯೇ ಸಾಮಾನು ಪಡೆಯಲಿ. ಕೆಲವು ರೆಸಾರ್ಟುಗಳಲ್ಲಿ ವಾರಾಂತ್ಯಕ್ಕೆ ವಾಹನ ನಿಲುಗಡೆಯನ್ನೂ ಮುಂಗಡ ಕಾಯ್ದಿರಿಸಬೇಕು.

ಬಾಡಿಗೆ ಬೋರ್ಡನ್ನು ಕೈಗೆ ಕೊಟ್ಟ ಕೂಡಲೇ ಹೊರಡಬೇಡಿ. ಅಂಚಿನ ಮೇಲೆ ಉಗುರು ಸವರಿ, ತುಸು ಕೆರೆದರೆ ಹರಿತವಿದೆ ಎಂದರ್ಥ. ತಳ ಬಿಳಿಚಿ ಒಣಗಿದಂತಿದ್ದರೆ ಮೇಣ ಹಚ್ಚಿಲ್ಲ. ಎಡಗಾಲು ಮುಂದೋ, ಬಲಗಾಲು ಮುಂದೋ ಎಂದು ಹೇಳಿ ಬೈಂಡಿಂಗನ್ನು ಹೊಂದಿಸಿಕೊಡಲು ಕೇಳಿ. ನಮ್ಮವರು ಸಂಕೋಚದಿಂದ ಸುಮ್ಮನಿರುತ್ತಾರೆ, ಕೊಟ್ಟದ್ದನ್ನು ಹಾಕಿಕೊಂಡು ದಿನವಿಡೀ ನರಳುತ್ತಾರೆ. ಕೇಳುವುದು ನಿಮ್ಮ ಹಕ್ಕು, ಬದಲಿಸಿ ಕೊಡುವುದು ಅವರ ಕೆಲಸ.

ಪಾಠದ ವಿಷಯದಲ್ಲಿ ಒಂದು ಲೆಕ್ಕ ಹಲವರ ಕಣ್ಣಿಗೆ ಬೀಳುವುದಿಲ್ಲ. ಖಾಸಗಿ ಪಾಠದ ದರ ನೋಡಿ ಗಾಬರಿಯಾಗುತ್ತಾರೆ, ಆದರೆ ಅನೇಕ ರೆಸಾರ್ಟುಗಳಲ್ಲಿ ಅದು ತಲೆಗೆ ಇಷ್ಟು ಎಂದಲ್ಲ, ಒಬ್ಬ ಶಿಕ್ಷಕರಿಗೆ ಇಷ್ಟು. ಒಂದೇ ಮಟ್ಟದ ಐದಾರು ಜನ ಹಂಚಿಕೊಂಡರೆ ಗುಂಪು ಪಾಠದ ಹತ್ತಿರಕ್ಕೆ ಬರುತ್ತದೆ, ಗಮನವೂ ಹೆಚ್ಚು ಸಿಗುತ್ತದೆ. ಎರಡು ಸ್ನೇಹಿತ ಕುಟುಂಬಗಳು ಸೇರಿ ಹೋಗುವಾಗ ಇದನ್ನು ಖಂಡಿತ ವಿಚಾರಿಸಿ. ಗುಂಪು ಪಾಠಕ್ಕೆ ಸೇರಿದರೆ ನಿಮ್ಮ ಮಟ್ಟವನ್ನು ಹೆಚ್ಚಿಸಿಯೂ ಹೇಳಬೇಡಿ, ಇಳಿಸಿಯೂ ಹೇಳಬೇಡಿ. ತಪ್ಪು ಗುಂಪಿಗೆ ಬಿದ್ದಿದ್ದೀರಿ ಅನ್ನಿಸಿದರೆ ಮೊದಲ ಅರ್ಧ ಗಂಟೆಯೊಳಗೆ ಮೇಲ್ವಿಚಾರಕರಿಗೆ ತಿಳಿಸಿ. ಆ ಹೊತ್ತಿನಲ್ಲಿ ಬದಲಾವಣೆ ಸುಲಭ, ಮಧ್ಯಾಹ್ನದ ಮೇಲೆ ಕ್ಷಮೆಯಷ್ಟೇ ಸಿಗುತ್ತದೆ. ಒಳ್ಳೆಯ ಶಿಕ್ಷಕರು ಸಿಕ್ಕರೆ ಹೆಸರು ಕೇಳಿಟ್ಟುಕೊಂಡು ಮುಂದಿನ ಸಲ ಅವರನ್ನೇ ಕೋರಿ. ಅಮೆರಿಕದಲ್ಲಿ ಅವರಿಗೆ ಟಿಪ್ಸ್ ಕೊಡುವುದು ವಾಡಿಕೆ.

ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಮನೆಯಿಂದ ತಂದದ್ದನ್ನು ಕುಳಿತು ತಿನ್ನಲು ಯಾವ ಕಟ್ಟಡದಲ್ಲಿ ಜಾಗವಿದೆ ಎಂದು ಅತಿಥಿ ಸೇವಾ ಕೌಂಟರಿನಲ್ಲಿ ಕೇಳಿ. ಪುಳಿಯೋಗರೆ ತಣ್ಣಗಾದರೂ ಕೆಡುವುದಿಲ್ಲ, ಚಪಾತಿ ಪಲ್ಯವೂ ಆಗುತ್ತದೆ. ರೆಸಾರ್ಟಿನ ನಕ್ಷೆಯ ಮೇಲೆ ಅಚ್ಚಾಗಿರುವ ಸ್ಕೀ ಪ್ಯಾಟ್ರೋಲ್, ಅಂದರೆ ರಕ್ಷಣಾ ತಂಡದ, ದೂರವಾಣಿ ಸಂಖ್ಯೆಯನ್ನು ಮೊಬೈಲಿಗೆ ಹಾಕಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಹೊಸ ಹಿಮ ಬಿದ್ದ ದಿನ ಮರಗಳ ಬುಡದಲ್ಲಿ ಕಾಣದ ಕುಳಿಗಳಿರುತ್ತವೆ, ಒಬ್ಬರೇ ಆ ಕಡೆ ಹೋಗಬಾರದು.

ದೂರು ಕೊಡಬೇಕಾಗಿ ಬಂದರೆ ಅದೇ ದಿನ, ಅಲ್ಲೇ ಕೊಡಿ. ಮೊದಲು ಆ ವಿಭಾಗದ ಮೇಲ್ವಿಚಾರಕರಿಗೆ, ಆಮೇಲೆ ಅತಿಥಿ ಸೇವೆಗೆ. ಪಾಸಿನ ಸಂಖ್ಯೆ, ಗಂಟೆ, ಏನಾಯಿತು, ನಿಮಗೆ ಏನು ಬೇಕು ಇಷ್ಟನ್ನು ಹೇಳಿ. ಹಣ ವಾಪಸ್ ಕೇಳುವುದಕ್ಕಿಂತ ಇನ್ನೊಂದು ದಿನದ ಪಾಠವನ್ನೋ ಟಿಕೆಟನ್ನೋ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಗಾಳಿಗೆ ಲಿಫ್ಟು ನಿಂತದ್ದಕ್ಕೆ ಜಗಳವಾಡಿ ಪ್ರಯೋಜನವಿಲ್ಲ.

ದಾರಿಯೂ ಸೇವೆಯ ಭಾಗವೇ. ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಆರ್2 ಸೂಚನೆ ಬಂದರೆ ಚಕ್ರದ ಸರಪಳಿ ಕಟ್ಟಲೇಬೇಕು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ, ನಾಲ್ಕಕ್ಕೂ ಹಿಮದ ಟೈರಿರುವ ವಾಹನಗಳಿಗೆ ಮಾತ್ರ ವಿನಾಯಿತಿ, ಆದರೆ ಅವುಗಳಲ್ಲೂ ಸರಪಳಿ ಇರಬೇಕು. ಆರ್3 ಬಂದರೆ ಯಾರಿಗೂ ವಿನಾಯಿತಿ ಇಲ್ಲ. ಸರಪಳಿಯನ್ನು ಮನೆಯ ಅಂಗಳದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ.

ಬೆಂಗಳೂರಿನಿಂದ ಹೊರಡುವವರಿಗೆ

ಊರಿನ ಬಂಧುಗಳು ಇದೇ ಪ್ರಶ್ನೆಯನ್ನು ಕಾಶ್ಮೀರದ ಗುಲ್ಮಾರ್ಗ್ ಕುರಿತು ಕೇಳುತ್ತಾರೆ. ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಜನವರಿ ಕೊನೆಯಿಂದ ಫೆಬ್ರವರಿ ಒಳ್ಳೆಯ ಸಮಯ. ಬಾಡಿಗೆ ಸಾಮಾನಿನ ಸ್ಥಿತಿ ಅಂಗಡಿಯಿಂದ ಅಂಗಡಿಗೆ ಬಹಳ ಬದಲಾಗುವುದರಿಂದ ಹೆಲ್ಮೆಟ್, ಕೈಗವಸು, ಗಾಗಲ್ಸ್, ಸಾಧ್ಯವಾದರೆ ಬೂಟನ್ನೂ ಊರಿನಿಂದಲೇ ಒಯ್ಯಬೇಕು. ಹಿಮದ ಬಟ್ಟೆಗಳು ಬೆಂಗಳೂರಿನ ಡೆಕಾಥ್ಲಾನ್‌ನಲ್ಲಿ ಸಿಗುತ್ತವೆ. ಬೋರ್ಡಿನ ಬಾಡಿಗೆ ಗುಲ್ಮಾರ್ಗಿನಲ್ಲೇ ಆಗಲಿ, ಎರಡು ಮೂರು ಅಂಗಡಿ ನೋಡಿ ಅಂಚು, ತಳ ಪರೀಕ್ಷಿಸಿ. ಗೊಂಡೊಲಾ ಟಿಕೆಟನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ. ಕಲಿಯುವವರಿಗೆ ಕೆಳಗಿನ ಬಯಲಿನ ಇಳಿಜಾರೇ ಸಾಕು. ಎರಡನೆಯ ಹಂತದ ಗೊಂಡೊಲಾ ಮುಟ್ಟುವ ಅಫರ್ವಾತ್‌ನ ಮೇಲ್ಭಾಗ ಸಮ ಮಾಡಿದ ಹಾದಿಯಲ್ಲ, ಹಿಮಕುಸಿತದ ಪ್ರದೇಶ. ಅಲ್ಲಿಗೆ ಅನುಭವಿಗಳೂ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗುವುದಿಲ್ಲ. ಹಣ ಉಳಿಸಲು ಬೇರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಮಾರ್ಗದರ್ಶಕರ ಸಂಬಳಕ್ಕೆ ಬೇಡ.